ಒತ್ತಕ್ಷರಕ್ಕೆ ಒಗ್ಗುವ ಮೊನೆ: ಜೆಲ್ ಪೆನ್ನೋ, ಬಾಲ್ ಪೆನ್ನೋ?

ರಾಯಚೂರಿನ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಪಾಠ ಯೋಜನೆ, ಹಾಜರಿ, ಮಕ್ಕಳ ನೋಟ್‌ಬುಕ್ಕುಗಳ ತಿದ್ದುವಿಕೆ, ರಾತ್ರಿ ಮಲಗುವ ಮುನ್ನ ಬರೆಯುವ ಒಂದು ಪುಟ ದಿನಚರಿ, ಇವೆಲ್ಲ ಸೇರಿ ದಿನಕ್ಕೆ ನಾಲ್ಕೈದು ಪುಟಗಳಷ್ಟನ್ನಾದರೂ ಕೈಯಿಂದ ಬರೆಯುತ್ತೇನೆ. ಕಳೆದ ಜೂನ್ ತಿಂಗಳಲ್ಲಿ ಶಾಲೆ ಆರಂಭವಾದಾಗ ಒಂದು ಉದ್ದ ನೋಟ್‌ಬುಕ್ಕನ್ನು ಬೇರೆಯಾಗಿ ತೆಗೆದಿರಿಸಿ, ಕೈಗೆ ಬಂದ ಸಣ್ಣ ಮೊನೆಯ ಪ್ರತಿಯೊಂದು ಪೆನ್ನಿನಿಂದಲೂ ಅದರಲ್ಲಿ ಒಂದೇ ಸಾಲನ್ನು ಬರೆಯುತ್ತ ಬಂದೆ: ‘ಉತ್ಪ್ರೇಕ್ಷೆ, ವೈಶಿಷ್ಟ್ಯ, ಸ್ವಾತಂತ್ರ್ಯ, ಲಕ್ಷ್ಮಿ, ಧನ, ದನ, ಷಟ್ಪದಿ.’ ಸಾಲಿನ ಕೊನೆಯಲ್ಲಿ ಪೆನ್ನಿನ ಹೆಸರು, ಮೊನೆಯ ಅಳತೆ, ಬರೆದ ದಿನಾಂಕ. ಈಗ ಅಲ್ಲಿ ಮೂವತ್ತೊಂದು ಸಾಲುಗಳಿವೆ. ಅವನ್ನು ಮುಂದಿಟ್ಟುಕೊಂಡೇ ಈ ಲೇಖನ ಬರೆಯುತ್ತಿದ್ದೇನೆ.

ಪೆನ್ನುಗಳ ಗುಣ ಹೇಳುವವರು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳನ್ನು ಬರೆದು ತೋರಿಸುತ್ತಾರೆ. ಇಂಗ್ಲಿಷಿನಲ್ಲಿ ಚೆನ್ನಾಗಿ ನಡೆಯುವ ಪೆನ್ನು ಕನ್ನಡದಲ್ಲಿಯೂ ಅಷ್ಟೇ ಚೆನ್ನಾಗಿ ನಡೆಯುತ್ತದೆ ಎಂಬುದು ನನ್ನ ಅನುಭವಕ್ಕೆ ಬಂದಿಲ್ಲ. ನಮ್ಮ ಅಕ್ಷರದ ಕೆಳಗೆ ಒತ್ತು ಬರುತ್ತದೆ, ಒತ್ತಿನ ಪಕ್ಕದಲ್ಲಿ ಇನ್ನೊಂದು ಒತ್ತು ಬರುತ್ತದೆ, ಮೇಲೆ ತಲೆಕಟ್ಟೋ ಗುಡಿಸೋ ಏತ್ವವೋ ಕೂರುತ್ತದೆ. ಎರಡು ಗೆರೆಗಳ ನಡುವಿನ ಎಂಟು ಮಿಲಿಮೀಟರು ಜಾಗದಲ್ಲಿ ಇವೆಲ್ಲವೂ ಹಿಡಿಸಬೇಕು. ‘ಉತ್ಪ್ರೇಕ್ಷೆ’ಯ ಎರಡನೆಯ ಅಕ್ಷರವನ್ನೇ ನೋಡಿ: ತಕಾರಕ್ಕೆ ಏತ್ವ ಮತ್ತು ದೀರ್ಘ, ಕೆಳಗೆ ಪಕಾರದ ಒತ್ತು, ಅದರ ಬಲಕ್ಕೆ ರಕಾರದ ಒತ್ತು. ನನ್ನ ಕೈಬರಹದಲ್ಲಿ ಆ ಪಕಾರದ ಒತ್ತು ಎರಡು ಮಿಲಿಮೀಟರಿಗಿಂತ ದೊಡ್ಡದಿರುವುದಿಲ್ಲ. ಅದರ ಹೊಟ್ಟೆಯೊಳಗಿನ ಬಿಳಿ ಜಾಗ ಒಂದು ಮಿಲಿಮೀಟರು ಇದ್ದರೆ ಹೆಚ್ಚು. ಪೆನ್ನಿನ ಗೆರೆ ಸ್ವಲ್ಪ ದಪ್ಪವಾದರೂ ಆ ಬಿಳಿ ಜಾಗ ಮುಚ್ಚಿಹೋಗುತ್ತದೆ, ಒತ್ತು ಶಾಯಿಯ ಚುಕ್ಕೆಯಾಗುತ್ತದೆ.

ಮಹಾಪ್ರಾಣದ ವಿಷಯವೂ ಹೀಗೆಯೇ. ಪ್ರಾಥಮಿಕ ಶಾಲೆಯಲ್ಲಿ ‘ಹೊಟ್ಟೆ ಸೀಳುವುದು’ ಎಂದು ಕಲಿಸುವ ಆ ಸಣ್ಣ ಗೆರೆ ದಕಾರವನ್ನು ಧಕಾರ ಮಾಡುತ್ತದೆ. ಅದರ ಉದ್ದ ಒಂದು ಮಿಲಿಮೀಟರು. ಅದು ಮೂಡದಿದ್ದರೆ ಧನ ದನವಾಗುತ್ತದೆ, ಶಿಕ್ಷಕರು ಅರ್ಧ ಅಂಕ ಕಳೆಯುತ್ತಾರೆ. ಹಲವು ಬಾರಿ ತಪ್ಪು ಮಗುವಿನದಾಗಿರುವುದಿಲ್ಲ, ಗೆರೆ ಎಳೆದಿರುತ್ತದೆ, ಪೆನ್ನು ಹಿಡಿದಿರುವುದಿಲ್ಲ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಶಾಯಿಯಿಲ್ಲದ ಒತ್ತುಗುರುತು ಕಂಡದ್ದರಿಂದ ಕಳೆದ ಅಂಕವನ್ನು ಮರಳಿ ಕೊಟ್ಟ ಸಂದರ್ಭಗಳು ನನ್ನ ಪಾಲಿಗೆ ಒಂದೆರಡಲ್ಲ.

ಇದಕ್ಕೆ ಕಾರಣ ಪೆನ್ನಿನ ರಚನೆಯಲ್ಲಿಯೇ ಇದೆ. ಬಾಲ್ ಪೆನ್ನಿನ ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡಿನಂಥ ಗಟ್ಟಿ ವಸ್ತುವಿನ ಒಂದು ಗುಂಡು ಪುಟ್ಟ ಲೋಹದ ಬಟ್ಟಲಿನಲ್ಲಿ ಕುಳಿತಿರುತ್ತದೆ. ಒಳಗಿನ ಶಾಯಿ ಎಣ್ಣೆಯ ಸ್ವಭಾವದ್ದು, ಅಂಟಂಟಾದದ್ದು, ನೀರಿಗಿಂತ ಸಾವಿರಾರು ಪಟ್ಟು ಮಂದವಾದದ್ದು. ಗುಂಡು ಉರುಳಿದರೆ ಮಾತ್ರ ಶಾಯಿ ಹೊರಬರುತ್ತದೆ, ಉರುಳಬೇಕಾದರೆ ಕೈ ಒತ್ತಬೇಕು. ಉದ್ದ ಗೆರೆಯಲ್ಲಿ ಇದೇನೂ ತೊಂದರೆಯಲ್ಲ. ಆದರೆ ಒಂದು ಮಿಲಿಮೀಟರಿನ ಸೀಳು ಗೆರೆಯಲ್ಲಿ ಗುಂಡು ಒಂದು ಸುತ್ತನ್ನೂ ಪೂರ್ತಿಯಾಗಿ ಉರುಳಿರುವುದಿಲ್ಲ. ಅಷ್ಟರೊಳಗೆ ಹೊಸ ಶಾಯಿ ಹೊರಮೈಗೆ ಬರದಿದ್ದರೆ ಗೆರೆ ಖಾಲಿಯಾಗಿಯೇ ಉಳಿಯುತ್ತದೆ.

ಇದರ ಎದುರು ದೋಷವೂ ಅದೇ ಪೆನ್ನಿನಲ್ಲಿದೆ. ಗುಂಡು ಒಂದೇ ದಿಕ್ಕಿಗೆ ಉರುಳುವಾಗ ಹೆಚ್ಚುವರಿ ಶಾಯಿ ಬಟ್ಟಲಿನ ಅಂಚಿನಲ್ಲಿ ಸೇರಿಕೊಳ್ಳುತ್ತ ಹೋಗಿ, ದಿಕ್ಕು ಬದಲಾದ ಕೂಡಲೇ ಒಂದು ಮುದ್ದೆಯಾಗಿ ಕಾಗದಕ್ಕೆ ಬೀಳುತ್ತದೆ. ನಮ್ಮ ಮಕ್ಕಳು ಇದನ್ನು ‘ಪೆನ್ನು ಕಾರುತ್ತದೆ’ ಎನ್ನುತ್ತಾರೆ. ಕನ್ನಡ ಅಕ್ಷರದಲ್ಲಿ ದಿಕ್ಕು ಬದಲಾಗದ ಜಾಗವೇ ಕಡಿಮೆ. ಮಸ್ಕಿಯ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು ನೋಡಿದವರಿಗೆ ಬ್ರಾಹ್ಮಿ ಅಕ್ಷರಗಳು ಎಷ್ಟು ನೇರ ಗೆರೆಗಳಿಂದ ಕೂಡಿವೆ ಎಂಬುದು ನೆನಪಿರುತ್ತದೆ. ಅದೇ ಲಿಪಿ ಶತಮಾನಗಳ ಕಾಲ ದಕ್ಷಿಣದಲ್ಲಿ ಬೆಳೆಯುತ್ತ ಬಂದು ಗುಂಡಗಿನ ಕನ್ನಡವಾಯಿತು. ತಾಳೆಗರಿಯ ಮೇಲೆ ಕಂಟದಿಂದ, ಅಂದರೆ ಗೀರಿ ಬರೆಯುವ ಲೋಹದ ಮೊನೆಯಿಂದ, ನೇರ ಗೆರೆ ಎಳೆದರೆ ಗರಿ ಸೀಳುತ್ತಿದ್ದುದರಿಂದ ಅಕ್ಷರಗಳು ದುಂಡಗಾದವು ಎಂದು ಲಿಪಿ ಬಲ್ಲವರು ವಿವರಿಸುತ್ತಾರೆ. ಆ ದುಂಡುತನಕ್ಕಾಗಿ ನಾವು ಇಂದು ಬಾಲ್ ಪೆನ್ನಿನಲ್ಲಿ ಬೆಲೆ ತೆರುತ್ತಿದ್ದೇವೆ: ಸುಳಿ ತಿರುಗುವ ಕಡೆ, ತಲೆಕಟ್ಟಿನ ಕೊಕ್ಕೆಯಲ್ಲಿ, ವಟ್ರಸುಳಿಯ ಬಾಲದಲ್ಲಿ ಮುದ್ದೆ ಬೀಳುತ್ತದೆ. ನನ್ನ ನೋಟ್‌ಬುಕ್ಕಿನ ಹನ್ನೆರಡನೆಯ ಸಾಲಿನಲ್ಲಿ ‘ಸ್ವಾತಂತ್ರ್ಯ’ದ ಕೊನೆಯ ಯಕಾರದ ಒತ್ತಿನ ತಿರುವಿನಲ್ಲಿ ಸಾಸಿವೆಕಾಳಿಗಿಂತ ಚಿಕ್ಕದಾದ ಒಂದು ನೀಲಿ ಮುದ್ದೆ ಇದೆ. ಬರೆದ ಐದು ನಿಮಿಷಗಳ ನಂತರ ಬೆರಳು ತಾಗಿ ಅದರಿಂದ ಎಳೆದ ಬಾಲ ಪಕ್ಕದ ‘ಲಕ್ಷ್ಮಿ’ಯವರೆಗೂ ಹೋಗಿದೆ.

ಜೆಲ್ ಪೆನ್ನಿನ ಶಾಯಿ ನೀರಿನಲ್ಲಿ ಕಲಸಿದ್ದು, ಅದಕ್ಕೆ ಗಟ್ಟಿತನ ಬರಲು ಝಾಂತನ್ ಗಮ್‌ನಂಥ ಅಂಟನ್ನು ಬೆರೆಸಿರುತ್ತಾರೆ. ಗಟ್ಟಿ ಮೊಸರನ್ನು ಕಡೆದರೆ ತೆಳ್ಳಗಾಗುವಂತೆ, ಗುಂಡು ಉರುಳುವ ಕ್ಷಣದಲ್ಲಿ ಈ ಶಾಯಿ ತೆಳ್ಳಗಾಗಿ ಹರಿಯುತ್ತದೆ. ಮೊಸರಿನಂತಲ್ಲದೆ, ಗುಂಡು ನಿಂತೊಡನೆ ಮತ್ತೆ ಗಟ್ಟಿಯಾಗುತ್ತದೆ. ಹೀಗಾಗಿ ಒತ್ತುವ ಅಗತ್ಯವೇ ಇಲ್ಲ, ಪೆನ್ನಿನ ಭಾರವೇ ಸಾಕಾಗುತ್ತದೆ. ಸೀಳು ಗೆರೆ ಮೊದಲ ಸ್ಪರ್ಶದಲ್ಲಿಯೇ ಮೂಡುತ್ತದೆ. ಅಂಚಿನಲ್ಲಿ ಮುದ್ದೆ ಸೇರುವುದು ಬಹಳ ಅಪರೂಪ. ಮೂರು ಗಂಟೆ ಪರೀಕ್ಷೆ ಬರೆಯುವ ಮಗುವಿನ ಹೆಬ್ಬೆರಳು ನೋಯುವುದು ಕಡಿಮೆಯಾಗುವುದೂ ಇದರಿಂದಲೇ.

ಹಂಗರಿಯ ಪತ್ರಕರ್ತ ಲಾಸ್ಲೊ ಬಿರೋ ಪತ್ರಿಕೆ ಮುದ್ರಿಸುವ ಶಾಯಿ ಬೇಗ ಒಣಗುವುದನ್ನು ಕಂಡು, ರಸಾಯನಶಾಸ್ತ್ರ ಬಲ್ಲ ತಮ್ಮ ಸಹೋದರನ ನೆರವಿನಿಂದ ಬಾಲ್ ಪೆನ್ನನ್ನು ರೂಪಿಸಿ 1938ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಮುಂದೆ ಅರ್ಜೆಂಟೀನಾಕ್ಕೆ ಹೋಗಿ ಅಲ್ಲಿ ಅದನ್ನು ಸುಧಾರಿಸಿದರು. ಜೆಲ್ ಶಾಯಿಯ ಪೆನ್ನನ್ನು 1984ರಲ್ಲಿ ಜಪಾನಿನ ಸಕುರಾ ಕಂಪನಿ ಮಾರುಕಟ್ಟೆಗೆ ತಂದಿತು. ನಮ್ಮ ಭಾಗದ ಶಾಲೆಗಳಲ್ಲಿ ಬಹಳ ಕಾಲ ಬಿಳಿ ಮೈ, ನೀಲಿ ಟೋಪಿಯ ರೆನಾಲ್ಡ್ಸ್ 045 ಪೆನ್ನಿನದೇ ಆಳ್ವಿಕೆ ಇತ್ತು, ನಾನೂ ಹತ್ತನೆಯ ತರಗತಿಯನ್ನು ಅದರಲ್ಲಿಯೇ ಬರೆದವನು.

ಈಗ ಮೊನೆಯ ಅಳತೆಗೆ ಬರುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಎಲ್ಲರೂ ಎಡವುವುದು ಇಲ್ಲಿಯೇ. ಪೆನ್ನಿನ ಮೇಲೆ ಬರೆದಿರುವ 0.5 ಅಥವಾ 0.7 ಎಂಬುದು ಗುಂಡಿನ ವ್ಯಾಸ, ಗೆರೆಯ ದಪ್ಪವಲ್ಲ. ಗೆರೆ ಸಾಮಾನ್ಯವಾಗಿ ಗುಂಡಿಗಿಂತ ಸಣ್ಣದಾಗಿರುತ್ತದೆ. ಇನ್ನೂ ಮುಖ್ಯವಾದದ್ದೆಂದರೆ, ಒಂದೇ ಅಳತೆಯ ಗುಂಡಿದ್ದರೂ ಜೆಲ್ ಪೆನ್ನಿನ ಗೆರೆ ಬಾಲ್ ಪೆನ್ನಿನದಕ್ಕಿಂತ ದಪ್ಪವಾಗಿ ಬರುತ್ತದೆ, ಏಕೆಂದರೆ ಅದು ಹೆಚ್ಚು ಶಾಯಿ ಸುರಿಯುತ್ತದೆ ಮತ್ತು ಆ ಶಾಯಿ ಕಾಗದದೊಳಗೆ ಹರಡುತ್ತದೆ. 0.7ರ ಬಾಲ್ ಪೆನ್ನಿನ ಗೆರೆಗೆ ಸರಿಸಮನಾದ ಗೆರೆ ಬೇಕೆಂದರೆ 0.5ರ ಜೆಲ್ ಪೆನ್ನು ಕೇಳಬೇಕು. 0.7ರ ಜೆಲ್ ಪೆನ್ನಿನಲ್ಲಿ ಬರೆದ ನನ್ನ ನಾಲ್ಕು ಸಾಲುಗಳಲ್ಲಿಯೂ ‘ವೈಶಿಷ್ಟ್ಯ’ದ ಒತ್ತುಗಳು ಒಂದಕ್ಕೊಂದು ಅಂಟಿಕೊಂಡಿವೆ. ಸಹಿ ಮಾಡಲು, ಲಕೋಟೆಯ ಮೇಲೆ ವಿಳಾಸ ಬರೆಯಲು ಅದು ಬಹಳ ಚೆಂದ, ಪುಟಗಟ್ಟಲೆ ಬರೆಯಲು ಅಲ್ಲ.

ಹಾಗಾದರೆ ಇನ್ನೂ ಸಣ್ಣದಕ್ಕೆ ಹೋಗಬಾರದೇಕೆ ಎಂದು ನನಗೂ ಅನ್ನಿಸಿತ್ತು. 1994ರಲ್ಲಿ ಪೈಲಟ್ ಕಂಪನಿ ಹೈ-ಟೆಕ್-ಸಿ ಎಂಬ ಸೂಜಿ ಮೊನೆಯ ಜೆಲ್ ಪೆನ್ನನ್ನು ತಂದಾಗಿನಿಂದ 0.4, 0.3ರ ಮೊನೆಗಳು ಜಪಾನಿನಲ್ಲಿ ಸಾಮಾನ್ಯವಾದವು. ಜಪಾನೀ ಬರಹದ ಕಿಕ್ಕಿರಿದ ಗೆರೆಗಳ ಕಾಂಜಿ ಅಕ್ಷರ ಬರೆಯುವವರಿಗೆ ಅದರ ಅಗತ್ಯ ಸ್ಪಷ್ಟವಾಗಿಯೇ ಇದೆ. ಅಂಥ 0.38ರ ಒಂದು ಪೆನ್ನನ್ನು ತರಿಸಿ ಒಳ್ಳೆಯ ದಪ್ಪ ಕಾಗದದ ಮೇಲೆ ಬರೆದಾಗ ‘ಉತ್ಪ್ರೇಕ್ಷೆ’ ಮುದ್ರಿಸಿದಂತೆ ಬಂದಿತು. ಅದೇ ಪೆನ್ನು ನಮ್ಮ ಮಕ್ಕಳು ಬಳಸುವ ಐವತ್ತೈದು ಅರವತ್ತು ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ ಕಾಗದ) ನೋಟ್‌ಬುಕ್ಕಿನ ಮೇಲೆ ಗರಗರ ಎಂದಿತು. ಒರಟು ಕಾಗದದ ನಾರು ಆ ಪುಟ್ಟ ಗುಂಡಿಗೆ ಸಿಕ್ಕಿಕೊಳ್ಳುತ್ತದೆ. ಅದರ ಜೊತೆಗೆ ಬೇಸಗೆಯಲ್ಲಿ ಕಿಟಕಿಯಿಂದ ಬಂದು ಕೂರುವ ನಮ್ಮೂರಿನ ಧೂಳು ಬೇರೆ. ಎರಡು ವಾರಗಳಲ್ಲಿ ಆ ಮೊನೆ ಒಂದು ದಿಕ್ಕಿಗೆ ಮಾತ್ರ ಬರೆಯಲು ಆರಂಭಿಸಿತು, ಮೇಲ್ಮುಖವಾಗಿ ಎಳೆದಾಗ ಗೆರೆ ಕಡಿಯುತ್ತಿತ್ತು. ಆದ್ದರಿಂದ ಕನ್ನಡದ ದಿನಬಳಕೆಗೆ, ಇಲ್ಲಿ ಸಿಗುವ ಕಾಗದದ ಮೇಲೆ, 0.5ರ ಜೆಲ್ ಮೊನೆಯೇ ತಕ್ಕದ್ದು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಅದರಲ್ಲಿಯೂ ಸೂಜಿ ಮೊನೆಯದಾದರೆ ಒಳ್ಳೆಯದು, ಒತ್ತು ಬರೆಯುವಾಗ ಮೊನೆ ಎಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತಿರುತ್ತದೆ.

ಆದರೆ ಇಡೀ ವರ್ಷ ಎಲ್ಲ ಕೆಲಸಕ್ಕೂ ಜೆಲ್ ಪೆನ್ನೇ ಸಾಕು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ.

ನನ್ನ ಸೋದರಮಾವನದು ಎಪಿಎಂಸಿ ಪ್ರಾಂಗಣದಲ್ಲಿ ಅಡತಿ ಅಂಗಡಿ. ಹತ್ತಿಯ ಹಂಗಾಮಿನಲ್ಲಿ ಕೆಲಸ ಹೆಚ್ಚಾದಾಗ ಭಾನುವಾರಗಳಂದು ಹಿಂದಿನ ವಾರದ ಪಟ್ಟಿಗಳನ್ನು ಬರೆದುಕೊಡಲು ನಾನೂ ಹೋಗಿ ಕೂರುತ್ತೇನೆ. ಮೊದಲ ದಿನ ನನ್ನ ಜೆಲ್ ಪೆನ್ನಿನಲ್ಲಿಯೇ ಹತ್ತು ಹನ್ನೆರಡು ಪಟ್ಟಿಗಳನ್ನು ಅಂದವಾಗಿ ಬರೆದೆ. ಮಾವ ಪುಸ್ತಕ ತಿರುವಿ ನೋಡಿ, ‘ತಮ್ಮಾ, ಅಕ್ಷರ ಏನೋ ಮುತ್ತಿನಂಗ ಅದಾವ, ಆದ್ರ ಕೆಳಗಿನ ಹಾಳ್ಯಾಗ ಏನೂ ಮೂಡಿಲ್ಲಲ್ಲ’ ಎಂದರು. ಕಾರ್ಬನ್ ಹಾಳೆಯ ಕೆಳಗೆ ಅಂಗಡಿಗೆ ಉಳಿಯಬೇಕಾದ ಪ್ರತಿಗಳೆಲ್ಲ ಖಾಲಿ. ಒತ್ತದೆ ಬರೆಯುವ ಪೆನ್ನಿನ ಹಿರಿಮೆ ಅಲ್ಲಿ ಪೂರ್ತಿ ದೋಷವಾಗಿತ್ತು. ಕ್ವಿಂಟಲ್ ಲೆಕ್ಕ, ದರ, ಹಮಾಲಿ, ತೂಕದ ಖರ್ಚು ಎಲ್ಲವನ್ನೂ ಬಾಲ್ ಪೆನ್ನಿನಿಂದ ಒತ್ತಿ ಮತ್ತೆ ಬರೆದೆ, ಮಧ್ಯಾಹ್ನದ ಊಟ ಮೂರೂವರೆಗಾಯಿತು. ಕಾರ್ಬನ್ ಪ್ರತಿ ಬೇಕಾದಲ್ಲಿ ಬಾಲ್ ಪೆನ್ನಿಗೆ ಬದಲಿ ಇಲ್ಲ.

ಉತ್ತರದ ವೃತ್ತಗಳನ್ನು ತುಂಬಿ ಯಂತ್ರದಿಂದ ಓದಿಸುವ ಓಎಂಆರ್ ಹಾಳೆಯಲ್ಲಿಯೂ ಹಾಗೆಯೇ. ಯುಪಿಎಸ್‌ಸಿ ಪೂರ್ವಭಾವಿ ಪರೀಕ್ಷೆಗೆ ಕಪ್ಪು ಬಾಲ್ ಪೆನ್ನನ್ನೇ ಬಳಸಬೇಕೆಂಬ ಸೂಚನೆ ಇದೆ. ಜೆಲ್ ಶಾಯಿ ಹಾಳೆಯ ಹಿಂಬದಿಗೆ ಇಳಿಯುವ, ಪಕ್ಕದ ವೃತ್ತಕ್ಕೆ ಒರೆಸಿಕೊಳ್ಳುವ ಸಾಧ್ಯತೆ ಇರುವಾಗ ಇದು ಸರಿಯಾದ ಎಚ್ಚರಿಕೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ನಾನು ಎರಡೂ ಪೆನ್ನುಗಳನ್ನು ಚೀಲದಲ್ಲಿಟ್ಟುಕೊಳ್ಳಲು ಹೇಳುತ್ತೇನೆ.

ಬಿಸಿಲಿನ ಮಾತು ಬೇರೆಯಾಗಿಯೇ ಹೇಳಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ರಾಯಚೂರಿನ ತಾಪಮಾನ 40 ಡಿಗ್ರಿ ದಾಟುವುದು ಇಲ್ಲಿಯವರಿಗೆ ಹೊಸದಲ್ಲ. ಆ ಬಿಸಿಗೆ ಬಾಲ್ ಪೆನ್ನಿನ ಎಣ್ಣೆಯ ಶಾಯಿ ಸಡಿಲವಾಗಿ, ಚಳಿಗಾಲದಲ್ಲಿ ಶಿಸ್ತಾಗಿದ್ದ ಪೆನ್ನು ಬೇಸಗೆಯಲ್ಲಿ ಕಾರಲು ತೊಡಗುತ್ತದೆ. ಅಂಗಿಯ ಜೇಬಿನಲ್ಲಿಟ್ಟು ಮಧ್ಯಾಹ್ನ ಗಾಡಿಯಲ್ಲಿ ಬಂದವರ ಜೇಬಿನ ತಳದಲ್ಲಿ ನೀಲಿ ಕಲೆ ಕಾಣುವುದು ಈ ಕಾಲದಲ್ಲಿಯೇ. ಆ ಕಲೆಯನ್ನು ನೀರಿನಲ್ಲಿ ತಿಕ್ಕಿದರೆ ಹೋಗುವುದಿಲ್ಲ, ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಚ್ಚಿ ಹತ್ತಿಯಿಂದ ಒತ್ತಿ ತೆಗೆಯಬೇಕು. ಜೆಲ್ ಪೆನ್ನಿಗೆ ಬಿಸಿಲು ಬೇರೆ ರೀತಿಯಲ್ಲಿ ಕಾಡುತ್ತದೆ. ಅದರ ಶಾಯಿ ನೀರಿನದಾದ್ದರಿಂದ, ಟೋಪಿ ಹಾಕದೆ ಫ್ಯಾನಿನ ಕೆಳಗೆ ಅರ್ಧ ತಾಸು ಬಿಟ್ಟರೆ ಮೊನೆಯಲ್ಲಿ ಒಣಗಿ ಕೂರುತ್ತದೆ. ಬರೆಯುವ ಕೈ ಬೆವರಿ ಅಂಗೈಯ ಅಂಚು ಸಾಲಿನ ಮೇಲೆ ಹಾಯ್ದರೆ ಒಣಗದ ಅಕ್ಷರಗಳೆಲ್ಲ ಕದಡುತ್ತವೆ. ಎಡಗೈಯಲ್ಲಿ ಬರೆಯುವ ಮಕ್ಕಳಿಗೆ ಇದು ನಿಜವಾದ ಕಷ್ಟ, ಏಕೆಂದರೆ ಅವರ ಕೈ ಆಗ ತಾನೇ ಬರೆದ ಅಕ್ಷರದ ಮೇಲೆಯೇ ಸಾಗುತ್ತದೆ. ನನ್ನ ತರಗತಿಯ ಇಬ್ಬರಿಗೆ ನಾನೇ ಬಾಲ್ ಪೆನ್ನು ಕೊಡಿಸಿದ್ದೇನೆ. ಉಳಿದವರಿಗೆ, ನಾನೂ ಸೇರಿ, ಕೈಕೆಳಗೆ ಒಂದು ರದ್ದಿ ಹಾಳೆ ಇಟ್ಟುಕೊಂಡರೆ ಸಾಕಾಗುತ್ತದೆ.

ಉಜ್ಜಿದರೆ ಅಳಿಸಿಹೋಗುವ ಜೆಲ್ ಪೆನ್ನುಗಳ ಬಗ್ಗೆ ಇಲ್ಲಿಯೇ ಒಂದು ಎಚ್ಚರಿಕೆ ಹೇಳುತ್ತೇನೆ. ಅವುಗಳಲ್ಲಿ ಶಾಯಿ ಅಳಿಸುವುದು ರಬ್ಬರಿನ ಸವೆತದಿಂದಲ್ಲ, ಉಜ್ಜುವಾಗ ಹುಟ್ಟುವ ಬಿಸಿಯಿಂದ. ಸುಮಾರು 60 ಡಿಗ್ರಿಗೆ ಆ ಶಾಯಿ ಬಣ್ಣ ಕಳೆದುಕೊಳ್ಳುತ್ತದೆ. ನಮ್ಮೂರಿನ ಮೇ ತಿಂಗಳ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು ಅಷ್ಟು ಬಿಸಿಯಾಗುವುದು ದೊಡ್ಡ ವಿಷಯವಲ್ಲ. ನನ್ನ ಸಹೋದ್ಯೋಗಿಯೊಬ್ಬರು ಇಡೀ ಘಟಕದ ಟಿಪ್ಪಣಿಯನ್ನು ಅಂಥ ಪೆನ್ನಿನಲ್ಲಿ ಬರೆದು ಕಾರಿನಲ್ಲಿಟ್ಟು ಮದುವೆಗೆ ಹೋಗಿ ಬಂದಾಗ ಪುಟಗಳು ಬೆಳ್ಳಗಾಗಿದ್ದವು. ಬಹಳ ತಣ್ಣಗಾದರೆ ಬಣ್ಣ ಮರಳುತ್ತದೆಂದು ಓದಿದ್ದೆನಾದ್ದರಿಂದ, ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿಡಲು ಹೇಳಿದೆ. ಬೆಳಗಿಗೆ ಅಕ್ಷರಗಳು ಮಸುಕಾಗಿ ಮರಳಿ ಕಂಡವು. ಅವರ ಮುಖದ ಸಮಾಧಾನ ನನಗಿನ್ನೂ ನೆನಪಿದೆ.

ಉಳಿಯಬೇಕಾದ ಬರಹಕ್ಕೆ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ಶಾಯಿಯ ಜಾತಿಯ ಮೇಲೆ ನಿಂತಿದೆ. ಬಾಲ್ ಪೆನ್ನಿನ ಬಣ್ಣ ನೀರಿಗೆ ಬಗ್ಗುವುದಿಲ್ಲ, ಆದರೆ ಸ್ಪಿರಿಟ್ಟಿಗೆ ಕರಗುತ್ತದೆ. ಜೆಲ್ ಪೆನ್ನುಗಳಲ್ಲಿ ಎರಡು ಬಗೆ: ಕರಗಿದ ಬಣ್ಣವಿರುವವು ನೀರು ಬಿದ್ದರೆ ಹರಡುತ್ತವೆ, ಪುಡಿಬಣ್ಣ, ಅಂದರೆ ಪಿಗ್ಮೆಂಟ್ ಇರುವವು ಒಣಗಿ ಕಾಗದದ ನಾರಿನಲ್ಲಿ ಕೂತ ಮೇಲೆ ನೀರಿಗೂ ಸ್ಪಿರಿಟ್ಟಿಗೂ ಸುಲಭವಾಗಿ ಜಗ್ಗುವುದಿಲ್ಲ. ಪೆನ್ನಿನ ಮೇಲೆ ಇದನ್ನು ಬರೆದಿರುವುದು ಅಪರೂಪವಾದ್ದರಿಂದ ನಾನು ಪ್ರತಿ ಸಾಲಿನ ಕೊನೆಯ ಪದದ ಮೇಲೆ, ಬರೆದ ಮರುದಿನ, ಒಂದು ಹನಿ ನೀರು ಬಿಟ್ಟು ನೋಡಿದೆ. ಹದಿನೆಂಟು ಜೆಲ್ ಸಾಲುಗಳಲ್ಲಿ ಏಳು ಹರಡಿದವು, ಎಲ್ಲವೂ ನೀಲಿ. ಕಪ್ಪು ಒಂದೂ ಹರಡಲಿಲ್ಲ. ಚೆಕ್ ಬರೆಯುವಾಗ, ಅರ್ಜಿ ತುಂಬುವಾಗ ನಾನು ಈ ಪರೀಕ್ಷೆಯಲ್ಲಿ ಗೆದ್ದ ಕಪ್ಪು ಜೆಲ್ ಪೆನ್ನನ್ನೇ ಬಳಸುತ್ತೇನೆ.

ಖರ್ಚಿನ ಲೆಕ್ಕ ಚಿಕ್ಕದು. ಎರಡೂ ಬಗೆಯ ಪೆನ್ನು 10 ರೂಪಾಯಿಗೆ ಸಿಗುತ್ತವೆ, ಆದರೆ ನನ್ನ ಬರವಣಿಗೆಯಲ್ಲಿ 0.5ರ ಜೆಲ್ ಕಡ್ಡಿ ಉದ್ದ ನೋಟ್‌ಬುಕ್ಕಿನ ನಲವತ್ತೈದು ಪುಟಗಳ ಆಸುಪಾಸಿನಲ್ಲಿ ಮುಗಿದರೆ, ಬಾಲ್ ಪೆನ್ನಿನ ಕಡ್ಡಿ ನೂರು ಪುಟ ದಾಟಿಸುತ್ತದೆ. ಕೂಲಿ ಮಾಡುವವರ ಮನೆಯ ಮಗುವಿಗೆ ಈ ಅಂತರ ಸಣ್ಣದಲ್ಲ, ಆದ್ದರಿಂದ ಜೆಲ್ ಪೆನ್ನೇ ತರಬೇಕೆಂದು ನಾನು ತರಗತಿಯಲ್ಲಿ ಎಂದೂ ಹೇಳುವುದಿಲ್ಲ. ಜೊತೆಗೆ ಜೆಲ್ ಪೆನ್ನು ಮೊನೆ ಕೆಳಗಾಗಿ ನೆಲಕ್ಕೆ ಬಿದ್ದರೆ ಗುಂಡು ಅಲುಗಿ, ಅರ್ಧ ಶಾಯಿ ಉಳಿದಿರುವಾಗಲೇ ಪೆನ್ನು ಸತ್ತಂತಾಗುತ್ತದೆ. ಬೆಂಚಿನಿಂದ ದಿನಕ್ಕೆ ಮೂರು ಬಾರಿ ಪೆನ್ನು ಬೀಳಿಸುವ ವಯಸ್ಸಿನವರಿಗೆ ಇದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಇವೆರಡರ ನಡುವೆ ಒಂದು ದಾರಿ ಇದೆ. ಬಾಲ್ ಪೆನ್ನಿನದೇ ಎಣ್ಣೆ ಶಾಯಿಯನ್ನು ಬಹಳ ತೆಳುವಾಗಿಸಿ ಮಿತ್ಸುಬಿಷಿ ಪೆನ್ಸಿಲ್ ಕಂಪನಿ ಜೆಟ್‌ಸ್ಟ್ರೀಮ್ ಎಂಬ ಪೆನ್ನನ್ನು 2006ರಲ್ಲಿ ಜಪಾನಿನ ಮಾರುಕಟ್ಟೆಗೆ ತಂದಿತು. ನಮ್ಮ ದೇಶದ ಕಂಪನಿಗಳೂ ಈಗ ಅದೇ ಬಗೆಯ ನುಣುಪು ಶಾಯಿಯನ್ನು ಕಡಿಮೆ ಬೆಲೆಗೆ ಕೊಡುತ್ತಿವೆ. ಅಂಥ 0.5ರ ಮೊನೆಯಲ್ಲಿ ಬರೆದ ಇಪ್ಪತ್ತೇಳನೆಯ ಸಾಲಿನಲ್ಲಿ ‘ಧನ’ದ ಸೀಳು ಚೆನ್ನಾಗಿ ಮೂಡಿದೆ, ಒತ್ತಿನ ಹೊಟ್ಟೆ ತೆರೆದಿದೆ, ಕೈ ತಾಗಿದರೂ ಕದಡಿಲ್ಲ. ಕಪ್ಪು ಮಾತ್ರ ಜೆಲ್ ಪೆನ್ನಿನಷ್ಟು ಗಾಢವಾಗಿಲ್ಲ, ಸ್ವಲ್ಪ ಬೂದು ಛಾಯೆ ಇದೆ. ಮಾವನ ಅಂಗಡಿಗೆ ಈ ಭಾನುವಾರ ಹೋಗುವಾಗ ಅದನ್ನೇ ಒಯ್ಯುತ್ತೇನೆ. ಒತ್ತಿ ಬರೆದರೆ ಕೆಳಗಿನ ಪ್ರತಿಯಲ್ಲಿ ಅದು ಎಷ್ಟು ಮೂಡುತ್ತದೆ ಎಂಬುದನ್ನು ಮೂವತ್ತೆರಡನೆಯ ಸಾಲಿನ ಪಕ್ಕದಲ್ಲಿ ಬರೆದಿಡಬೇಕಾಗಿದೆ.